ನಡುವಿನಿಂದ ಎರಡೂ ಕಡೆಗೆ

ಎರಡು ಬಿಂದುಗಳನ್ನು ಕೂಡಿಸಿದರೆ ಒಂದು ಗೆರೆ ಎಂದು ಹೈಸ್ಕೂಲಿನ ರೇಖಾಗಣಿತ ಕಲಿಸುತ್ತದೆ. ಬೆಂಗಳೂರಿನ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಎಂಜಿನಿಯರಿಂಗ್ ಕಚೇರಿಗಳಲ್ಲಿ ಕೂತು ಯಂತ್ರಭಾಗ, ಕಟ್ಟಡ, ಸೇತುವೆಗಳ ಮಾದರಿ ರೂಪಿಸುವವರಿಗೆ ಎಷ್ಟೋ ಸಲ ಆ ಎರಡು ಬಿಂದುಗಳು ಮೊದಲೇ ಸಿಕ್ಕಿರುವುದಿಲ್ಲ. ಅವರ ಬಳಿ ಇರುವುದು ಒಂದು ಬಿಂದು, ಒಂದು ದಿಕ್ಕು, ಒಂದು ಉದ್ದ. ಇಷ್ಟು ಕೊಟ್ಟರೆ ಸಾಫ್ಟ್‌ವೇರ್ ಗೆರೆ ಎಳೆದುಕೊಡುತ್ತದೆ, ಆದರೆ ಬಿಂದುವಿನಿಂದ ಹೊರಟು ಒಂದೇ ಕಡೆಗೆ. ಬೇಕಾದದ್ದು ಬಿಂದುವಿನ ಎರಡೂ ಕಡೆಗೆ ಸಮನಾಗಿ ಚಾಚಿದ ಗೆರೆಯಾಗಿದ್ದರೆ ಏನು ಮಾಡಬೇಕು? ಕಾಗದದ ಮೇಲಾದರೆ ಸ್ಕೇಲನ್ನು ಒಂದಿಷ್ಟು ಹಿಂದಕ್ಕೆ ಸರಿಸಿ ಎಳೆದರಾಯಿತು. ಪ್ಯಾರಾಮೆಟ್ರಿಕ್ ಸಾಫ್ಟ್‌ವೇರ್‌ನಲ್ಲಿ ಹಾಗೆ ಕಣ್ಣಳತೆಯಲ್ಲಿ ಸರಿಸಲು ಬರುವುದಿಲ್ಲ. ಈ ಗೆರೆ ಎಲ್ಲಿಂದ ಹುಟ್ಟಿತು, ತುದಿಯಿಂದಲೋ ನಡುವಿನಿಂದಲೋ ಎಂದು ಬಾಯಿಬಿಟ್ಟು ಹೇಳಲೇಬೇಕು. ಹೊಸದಾಗಿ ಕಲಿಯುವವರು ಇದನ್ನು ಸಣ್ಣ ತೊಡಕೆಂದು ನೋಡುತ್ತಾರೆ, ಒಂದು ಉಪಾಯ ಹುಡುಕಿ ಮುಂದೆ ಹೋಗುತ್ತಾರೆ. ನನ್ನ ವಾದ ಬೇರೆ. ಗೆರೆಯ ಹುಟ್ಟು ಎಲ್ಲಿ ಎಂಬುದು ವಿನ್ಯಾಸದ ತೀರ್ಮಾನಗಳಲ್ಲೇ ಮೊದಲನೆಯದು. ಆ ತೀರ್ಮಾನವನ್ನು ಸಾಫ್ಟ್‌ವೇರಿನ ರೂಢಿಗೆ ಬಿಟ್ಟುಕೊಟ್ಟರೆ ಅದರ ಬೆಲೆಯನ್ನು ಕೊನೆಗೆ ಪೀಣ್ಯದ ಕಾರ್ಖಾನೆಗಳಲ್ಲಿ ಲೇತಿನ ಮುಂದೆ ನಿಂತವರೋ, ಫ್ಲ್ಯಾಟಿಗೆ ಹಣ ಕಟ್ಟಿದವರೋ ತೆರಬೇಕಾಗುತ್ತದೆ.

ಪ್ಯಾರಾಮೆಟ್ರಿಕ್ ಎಂದರೆ ಅಳತೆಯನ್ನು ಬದಲಾಯಿಸಿದಾಗ ಅದನ್ನು ಅವಲಂಬಿಸಿದ ಎಲ್ಲವೂ ತಾನಾಗಿ ಬದಲಾಗುವ ಮಾದರಿ. ಇದರ ಬೇರು 1963ರಲ್ಲಿ ಅಮೆರಿಕದ ಎಂಐಟಿಯಲ್ಲಿ ಐವನ್ ಸದರ್‌ಲೆಂಡ್ ರೂಪಿಸಿದ ಸ್ಕೆಚ್‌ಪ್ಯಾಡ್‌ನಲ್ಲಿದೆ. ಪರದೆಯ ಮೇಲೆ ಬೆಳಕಿನ ಲೇಖನಿಯಿಂದ ಗೆರೆ ಎಳೆದು, ಈ ಎರಡು ಗೆರೆ ಸಮಾಂತರವಾಗಿರಲಿ, ಇವೆರಡರ ಉದ್ದ ಒಂದೇ ಇರಲಿ ಎಂದು ಕಟ್ಟುಪಾಡು ಹಾಕಲು ಅದರಲ್ಲಿ ಸಾಧ್ಯವಿತ್ತು. 1980ರ ದಶಕದ ಕೊನೆಗೆ ಪ್ರೊ-ಎಂಜಿನಿಯರ್, 1995ರಲ್ಲಿ ಸಾಲಿಡ್‌ವರ್ಕ್ಸ್ ಈ ವಿಚಾರವನ್ನು ಯಂತ್ರವಿನ್ಯಾಸಕರ ಮೇಜಿಗೆ ತಂದವು. 2007ರಲ್ಲಿ ಮೆಕ್‌ನೀಲ್ ಸಂಸ್ಥೆಯ ಡೇವಿಡ್ ರುಟನ್ ರೈನೊ ಎಂಬ ಸಾಫ್ಟ್‌ವೇರಿಗೆ ಒಂದು ಜೋಡಣೆ ಬರೆದರು. ಮೊದಲು ಅದಕ್ಕೆ ಎಕ್ಸ್‌ಪ್ಲಿಸಿಟ್ ಹಿಸ್ಟರಿ ಎಂಬ ಹೆಸರಿತ್ತು, ಆಮೇಲೆ ಗ್ರಾಸ್‌ಹಾಪರ್ ಆಯಿತು, 2018ರ ರೈನೊ 6ರಿಂದ ಅದರೊಳಗೇ ಸೇರಿಕೊಂಡಿತು. ಇಲ್ಲಿ ಕೋಡ್ ಬರೆಯಬೇಕಿಲ್ಲ. ಪರದೆಯ ಮೇಲೆ ಚಿಕ್ಕ ಚಿಕ್ಕ ಪೆಟ್ಟಿಗೆಗಳಿರುತ್ತವೆ. ಒಂದು ಪೆಟ್ಟಿಗೆ ಬಿಂದು ಕೊಡುತ್ತದೆ, ಇನ್ನೊಂದು ದಿಕ್ಕು, ಮತ್ತೊಂದು ಸ್ಲೈಡರ್ ಎಳೆದಂತೆ ಏರಿಳಿಯುವ ಅಂಕಿ. ಒಂದರ ಬಲಬದಿಯಿಂದ ವೈರ್ ಎಳೆದು ಇನ್ನೊಂದರ ಎಡಬದಿಗೆ ಸಿಕ್ಕಿಸಿದರೆ ಲೆಕ್ಕ ಹರಿಯುತ್ತದೆ. ಕಟ್ಟಡದವರ ರೆವಿಟ್ ಜೊತೆಗೆ ಬರುವ ಡೈನಮೊ ಕೂಡ ಇದೇ ಬಗೆಯದು. ಪ್ರೋಗ್ರಾಮಿಂಗ್ ಓದದ ಆರ್ಕಿಟೆಕ್ಟ್, ಡಿಪ್ಲೊಮಾ ಮುಗಿಸಿದ ಹುಡುಗ ಹುಡುಗಿಯರು ಕೂಡ ಲೆಕ್ಕದ ಸರಪಳಿ ಕಟ್ಟಲು ಇದರಿಂದ ಸಾಧ್ಯವಾಗಿದೆ. ಇದು ಸಣ್ಣ ಲಾಭವಲ್ಲ.

ಈಗ ಗೆರೆಗೆ ಬರೋಣ. ಗ್ರಾಸ್‌ಹಾಪರ್‌ನಲ್ಲಿ ಲೈನ್ ಎಸ್‌ಡಿಎಲ್ ಎಂಬ ಪೆಟ್ಟಿಗೆಯಿದೆ: ಶುರುವಿನ ಬಿಂದು, ದಿಕ್ಕು, ಉದ್ದ ಈ ಮೂರನ್ನು ಕೊಟ್ಟರೆ ಗೆರೆ ಸಿಗುತ್ತದೆ. ಉದ್ದಕ್ಕೆ ಋಣ ಚಿಹ್ನೆ ಹಾಕಿದರೆ ಗೆರೆ ಹಿಂದುಮುಂದಾಗಿ ಎದುರು ದಿಕ್ಕಿಗೆ ಹೋಗುತ್ತದೆ. ಹಾಗಾಗಿ ಎಲ್ಲರಿಗೂ ಮೊದಲು ಹೊಳೆಯುವ ದಾರಿ, ಒಂದೇ ಬಿಂದುವಿನಿಂದ ಧನ ಉದ್ದದ್ದೊಂದು, ಋಣ ಉದ್ದದ್ದೊಂದು ಎರಡು ಗೆರೆ ಎಳೆಯುವುದು. ಕಣ್ಣಿಗೆ ಅದು ಒಂದೇ ಗೆರೆಯಂತೆ ಕಾಣುತ್ತದೆ. ಕಂಪ್ಯೂಟರಿಗೆ ಮಾತ್ರ ಅವು ಎರಡು. ಪ್ರತಿಯೊಂದನ್ನೂ ಹತ್ತು ಭಾಗ ಮಾಡು ಎಂದರೆ ನಡುವಿನ ಬಿಂದು ಎರಡು ಸಲ ಬರುತ್ತದೆ. ಅದರ ಮೇಲೆ ಕೊಳವೆ ಹಾಯಿಸಿದರೆ ಎರಡು ತುಂಡು ಕೊಳವೆ ಸಿಗುತ್ತದೆ, ನಡುವೆ ಕೀಲು ಉಳಿಯುತ್ತದೆ. ಇದೇ ಫೈಲ್ ಲೇಸರ್ ಕಟಿಂಗಿಗೆ ಹೋಗಿ, ಅಲ್ಲಿಯೂ ಯಾರೂ ಗಮನಿಸದಿದ್ದರೆ, ಯಂತ್ರ ಒಂದು ಸೀಳನ್ನು ಎರಡು ಕೆಲಸವೆಂದು ಓದಿಕೊಂಡು ತಗಡಿಗೆ ಎರಡು ಸಲ ತೂತು ಹೊಡೆದು ಶುರು ಮಾಡಬಹುದು. ಸರಿಯಾದ ದಾರಿಗೆ ಒಂದೆರಡು ಪೆಟ್ಟಿಗೆ ಹೆಚ್ಚು ಬೇಕು. ದಿಕ್ಕಿಗೆ ಅರ್ಧ ಉದ್ದದ ಅಳತೆ ಕೊಟ್ಟು, ಬಿಂದುವನ್ನು ಅಷ್ಟು ಮುಂದಕ್ಕೆ ಸರಿಸುವುದು, ಅದೇ ವೆಕ್ಟರಿನ ಋಣದಿಂದ ಅಷ್ಟೇ ಹಿಂದಕ್ಕೆ ಸರಿಸುವುದು, ಆಮೇಲೆ ಆ ಎರಡು ತುದಿಗಳನ್ನು ಒಂದೇ ಗೆರೆಯಿಂದ ಕೂಡಿಸುವುದು. ಬಿಂದುವನ್ನು ಅರ್ಧ ಉದ್ದ ಹಿಂದಕ್ಕೆ ಸರಿಸಿ ಅಲ್ಲಿಂದ ಪೂರ್ತಿ ಉದ್ದ ಎಳೆದರೂ ಅದೇ ಫಲ. ಮೂಲ ಬಿಂದು ಈಗ ಗೆರೆಯ ನಟ್ಟನಡುವೆ ಇರುತ್ತದೆ, ಸ್ಲೈಡರ್ ಎಷ್ಟೇ ಎಳೆಯಿರಿ, ಅಲ್ಲಿಂದ ಕದಲುವುದಿಲ್ಲ. ಬಾಳೆ ಎಲೆ ಅಗಲವಾದಂತೆಲ್ಲ ನಡುದಿಂಡು ನಡುವಿನಲ್ಲೇ ಉಳಿಯುವ ಹಾಗೆ.

ಋಣ ಚಿಹ್ನೆಯನ್ನು ಎದುರು ದಿಕ್ಕೆಂದು ಓದುವುದು ಕಂಪ್ಯೂಟರ್ ಯುಗದ ಜಾಣ್ಮೆಯೇನೂ ಅಲ್ಲ. ಹಲವರು ನಮ್ಮ ವಿಜಯಪುರದೊಂದಿಗೆ ಗುರುತಿಸುವ ಭಾಸ್ಕರಾಚಾರ್ಯರ 'ಲೀಲಾವತಿ'ಯಲ್ಲಿ, ಅಂದರೆ 1150ರ ಸುಮಾರಿಗೆ, ಒಂದು ತ್ರಿಕೋನದ ಲೆಕ್ಕ ಬರುತ್ತದೆ. ಬದಿಗಳು 10 ಮತ್ತು 17, ತಳ 9. ಮೇಲಿನ ತುದಿಯಿಂದ ಲಂಬ ಇಳಿಸಿದರೆ ತಳದ ಎರಡು ತುಂಡುಗಳು ಎಷ್ಟೆಷ್ಟು? ಲೆಕ್ಕ ಮಾಡಿದರೆ ಒಂದು 15, ಇನ್ನೊಂದು ಋಣ 6. ತಳವೇ 9 ಇರುವಾಗ ತುಂಡು 15 ಹೇಗಾದೀತು, ಋಣ ಉದ್ದವೆಂದರೇನು? ಭಾಸ್ಕರರು ಉತ್ತರವನ್ನು ತಳ್ಳಿಹಾಕಲಿಲ್ಲ. ಋಣವೆಂದರೆ ಆ ತುಂಡು ಎದುರು ದಿಕ್ಕಿನಲ್ಲಿದೆ, ಲಂಬ ತಳದಿಂದ ಆಚೆಗೆ ಬೀಳುತ್ತದೆ ಎಂದು ತಿಳಿಸಿದರು. ಲಂಬದ ಎತ್ತರ 8 ಎಂದಿಟ್ಟು ತಾಳೆ ನೋಡಿ: 6 ಮತ್ತು 8ಕ್ಕೆ 10 ಬರುತ್ತದೆ, 15 ಮತ್ತು 8ಕ್ಕೆ 17. ಮುಂದೆ 1600ರ ಹೊತ್ತಿಗೆ ಅವರ ಬೀಜಗಣಿತಕ್ಕೆ ವ್ಯಾಖ್ಯಾನ ಬರೆದ ಕೃಷ್ಣ ದೈವಜ್ಞರು ಪೂರ್ವವನ್ನು ಧನವೆಂದು ಹಿಡಿದರೆ ಪಶ್ಚಿಮ ಋಣ ಎಂದು ಇನ್ನೂ ಬಿಡಿಸಿ ಹೇಳಿದರು. ಇದರಲ್ಲಿ ನಾವು ಗಮನಿಸಬೇಕಾದದ್ದು ಒಂದು ಶರತ್ತು. ಪೂರ್ವ ಧನವಾಗುವುದು ನಾವು ನಿಂತ ಜಾಗ ಗೊತ್ತಾದ ಮೇಲೆಯೇ. ಮೂಲಬಿಂದು ನೆಡದೆ ಧನವೂ ಇಲ್ಲ, ಋಣವೂ ಇಲ್ಲ.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ. ತುದಿಯಿಂದ ಎಳೆದರೇನು, ನಡುವಿನಿಂದ ಎಳೆದರೇನು, ಕೊನೆಗೆ ಪರದೆಯ ಮೇಲೆ ಕಾಣುವ ಗೆರೆ ಒಂದೇ ತಾನೆ? ಹೌದು, ಅಳತೆ ಬದಲಾಗದಿದ್ದರೆ ಎರಡಕ್ಕೂ ವ್ಯತ್ಯಾಸವಿಲ್ಲ. ಆದರೆ ಬದಲಾಗುವ ಅಳತೆಗೆಂದೇ ಹುಟ್ಟಿದ ಸಾಫ್ಟ್‌ವೇರ್ ಇದು. ಪಂಪಿನ ಒಂದು ಹೌಸಿಂಗ್ ಇದೆ ಎಂದುಕೊಳ್ಳಿ. ನಡುವೆ ಶಾಫ್ಟ್, ಅದರ ಎರಡು ಪಕ್ಕ ಬೋಲ್ಟಿನ ತೂತುಗಳು, ತೂತಿನಿಂದ ತೂತಿಗೆ 80 ಮಿ.ಮೀ. ವಿನ್ಯಾಸಕರು ಎಡತೂತನ್ನು ಮೂಲವಾಗಿಟ್ಟು, ಅಲ್ಲಿಂದ ಶಾಫ್ಟ್ 40ಕ್ಕೆ, ಬಲತೂತು 80ಕ್ಕೆ ಎಂದು ಬರೆದರು. ಗಿರಾಕಿ ದೊಡ್ಡ ಬೋಲ್ಟ್ ಕೇಳಿದರು, ಅಂತರ 90 ಆಯಿತು. ಬಲತೂತು 90ಕ್ಕೆ ಹೋಯಿತು, ಶಾಫ್ಟ್ 40ರಲ್ಲೇ ಉಳಿಯಿತು. ಇರಬೇಕಾದದ್ದು 45ರಲ್ಲಿ. 5 ಮಿ.ಮೀ. ತಪ್ಪು ಪರದೆಯ ಮೇಲೆ ಕಣ್ಣಿಗೆ ಬೀಳದೆ ಹೋಗಬಹುದು, ಎರಕದ ಅಚ್ಚು ಆದಮೇಲೆ ತಪ್ಪಿಸಿಕೊಳ್ಳಲಾಗದು. ಶಾಫ್ಟನ್ನೇ ಮೂಲವಾಗಿಟ್ಟು ಎರಡೂ ಕಡೆಗೆ ಅರ್ಧರ್ಧ ಎಳೆದಿದ್ದರೆ ತೂತುಗಳು ತಲಾ 5 ಮಿ.ಮೀ. ಹೊರಕ್ಕೆ ಸರಿಯುತ್ತಿದ್ದವು, ಶಾಫ್ಟು ಕದಲುತ್ತಿರಲಿಲ್ಲ. ಶಾಫ್ಟಿಗಾಗಿ ತೂತುಗಳೇ ಹೊರತು ತೂತುಗಳಿಗಾಗಿ ಶಾಫ್ಟ್ ಅಲ್ಲ ಎಂಬ ಯಂತ್ರದ ಅರ್ಥ ಎರಡನೆಯ ಮಾದರಿಯಲ್ಲಿ ದಾಖಲಾಗಿದೆ, ಮೊದಲನೆಯದರಲ್ಲಿ ಅದು ಬರೆದವರ ತಲೆಯಲ್ಲಷ್ಟೇ ಇತ್ತು. ಬರೆದವರು ಕೆಲಸ ಬಿಟ್ಟು ಬೇರೆ ಕಂಪನಿಗೆ ಹೋದರೆ ಆ ಅರ್ಥವೂ ಅವರ ಜೊತೆ ಹೋಗುತ್ತದೆ.

ನಡುವಿನಿಂದ ಎಳೆದ ಗೆರೆಗೆ ಇನ್ನೊಂದು ಬಲವಿದೆ, ಅದು ಅಷ್ಟು ಬೇಗ ಕಾಣುವುದಿಲ್ಲ. 2014ರಲ್ಲಿ ಪೀಣ್ಯಕ್ಕೆ ಬಂದ ಮೆಟ್ರೊದ ಹಸಿರು ಮಾರ್ಗವನ್ನಾಗಲಿ, 2023ರಲ್ಲಿ ವೈಟ್‌ಫೀಲ್ಡಿಗೆ ಮುಟ್ಟಿದ ನೇರಳೆ ಮಾರ್ಗವನ್ನಾಗಲಿ, 2025ರ ಆಗಸ್ಟಿನಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಮೂಲಕ ಬೊಮ್ಮಸಂದ್ರಕ್ಕೆ ಓಡತೊಡಗಿದ ಹಳದಿ ಮಾರ್ಗವನ್ನಾಗಲಿ ಕೆಳಗೆ ನಿಂತು ನೋಡಿ. ರಸ್ತೆಯ ಮಧ್ಯೆ ಕಂಬ, ಕಂಬದ ಎರಡು ಪಕ್ಕಕ್ಕೂ ಚಾಚಿದ ಕಾಂಕ್ರೀಟ್, ಹೋಗುವುದಕ್ಕೊಂದು ಬರುವುದಕ್ಕೊಂದು ದಾರಿ. ಪ್ರತಿ ದಾರಿಯ ಎರಡು ಹಳಿಗಳ ನಡುವೆ 1435 ಮಿ.ಮೀ., ಅಂದರೆ ದಾರಿಯ ನಡುಗೆರೆಯಿಂದ ಆಚೆಗೆ 717.5, ಈಚೆಗೆ 717.5. ಇಂಥದ್ದರ ಮಾದರಿ ಕಟ್ಟುವವರಿಗೆ ನಡುಗೆರೆ ಒಂದು ವಕ್ರರೇಖೆಯಾಗಿ ಸಿಗುತ್ತದೆ. ಅದರ ಉದ್ದಕ್ಕೂ ಬಿಂದುಗಳನ್ನು ಹಾಕಿ, ಪ್ರತಿ ಬಿಂದುವಿನಲ್ಲಿ ದಾರಿಗೆ ಅಡ್ಡಲಾಗಿ ಗೆರೆ ಎಳೆಯಬೇಕು. ಅಡ್ಡದಿಕ್ಕು ಯಾವುದು ಎಂದು ಕೇಳಿದರೆ ಸಾಫ್ಟ್‌ವೇರ್ ಸುಲಭವಾಗಿ ಕೊಡುವುದು ವಕ್ರತೆಯ ದಿಕ್ಕನ್ನು, ತಿರುವಿನ ಒಳಮಗ್ಗುಲನ್ನು ತೋರಿಸುವ ಬಾಣವನ್ನು. ದಾರಿ ಎಡಕ್ಕೆ ಬಾಗಿದ್ದಾಗ ಬಾಣ ಎಡಕ್ಕೆ, ಬಲಕ್ಕೆ ಬಾಗಿದ ಕೂಡಲೇ ಬಲಕ್ಕೆ. ಎರಡು ತಿರುವು ಕೂಡುವ ಜಾಗದಲ್ಲಿ ಬಾಣ ಥಟ್ಟನೆ ಮಗ್ಗುಲು ಬದಲಿಸುತ್ತದೆ. ಒಂದೇ ಕಡೆಗೆ ಎಳೆದ ಗೆರೆಗಳಾಗಿದ್ದರೆ ಅರ್ಧ ದಾರಿಯಲ್ಲಿ ಎಡಕ್ಕೆ, ಉಳಿದರ್ಧದಲ್ಲಿ ಬಲಕ್ಕೆ ಬಿದ್ದು ಮಾದರಿಯೇ ಮುರಿಯುತ್ತದೆ. ಎರಡೂ ಕಡೆಗೆ ಸಮನಾಗಿ ಎಳೆದ ಗೆರೆಗೆ ಈ ಬಾಣದ ಚಂಚಲತೆ ತಟ್ಟುವುದಿಲ್ಲ. ಬಾಣ ಎತ್ತ ತಿರುಗಿದರೂ ಗೆರೆ ಹರಡುವ ಜಾಗ ಅದೇ.

ಆದರೆ ಈ ಬಲವೇ ಒಂದು ಅಪಾಯವನ್ನೂ ಹೊತ್ತಿದೆ, ಅದನ್ನು ಮುಚ್ಚಿಟ್ಟು ವಾದ ಮಾಡುವುದು ಸರಿಯಲ್ಲ. ಗೆರೆಯ ಜಾಗ ಬದಲಾಗದಿದ್ದರೂ ಅದರ ಮೊದಲ ತುದಿ, ಕೊನೆಯ ತುದಿಗಳು ಅದಲುಬದಲಾಗಿರುತ್ತವೆ. ಎಲ್ಲ ಗೆರೆಗಳ ಮೊದಲ ತುದಿಗಳನ್ನು ಕೂಡಿಸಿ ಸೇತುವೆಯ ಎಡ ಅಂಚು ಮಾಡು ಎಂದಾಗ, ಅಂಚು ತಿರುವಿನ ಸಂಧಿಯಲ್ಲಿ ಎಡದಿಂದ ಬಲಕ್ಕೆ ದಾಟಿಬಿಡುತ್ತದೆ. ಸಮತೋಲ ತಪ್ಪನ್ನು ತಿದ್ದಿರಲಿಲ್ಲ, ಕಾಣದಂತೆ ಇಟ್ಟಿತ್ತಷ್ಟೇ. ಇದಕ್ಕೆ ಪರಿಹಾರ ವಕ್ರತೆಯನ್ನು ಬಿಟ್ಟು, ದಾರಿ ಸಾಗುವ ದಿಕ್ಕು ಮತ್ತು ಆಕಾಶದ ಕಡೆಯ ನೇರ ದಿಕ್ಕು ಈ ಎರಡಕ್ಕೂ ಲಂಬವಾದ ಮೂರನೆಯದನ್ನು ತೆಗೆದುಕೊಳ್ಳುವುದು. ಪಿಯುಸಿಯಲ್ಲಿ ಓದುವ ವೆಕ್ಟರ್ ಗುಣಾಕಾರ ಇಲ್ಲಿ ನೇರವಾಗಿ ಕೆಲಸಕ್ಕೆ ಬರುತ್ತದೆ, ಎಡವೆಂದರೆ ಕೊನೆಯವರೆಗೂ ಎಡವೇ ಆಗಿರುತ್ತದೆ. ತಿರುವಿನಲ್ಲಿ ಹೊರಹಳಿಯನ್ನು ಒಳಹಳಿಗಿಂತ ಎತ್ತರಿಸುವ ಲೆಕ್ಕ ಬಂದಾಗ ಇದು ಅನಿವಾರ್ಯ. ಅಲ್ಲಿ ಎರಡು ಮಗ್ಗುಲೂ ಸಮವಲ್ಲ, ಯಾವುದು ಒಳಗೆ ಯಾವುದು ಹೊರಗೆ ಎಂಬುದೇ ಮುಖ್ಯ. ಹಾಗಾಗಿ ನಾನು ಹೇಳುತ್ತಿರುವುದು ಎಲ್ಲವನ್ನೂ ನಡುವಿನಿಂದ ಎಳೆಯಿರಿ ಎಂದಲ್ಲ. ಎಲ್ಲಿಂದ ಎಳೆಯುತ್ತಿದ್ದೇವೆ ಎಂದು ತಿಳಿದು ಎಳೆಯಿರಿ ಎಂದು.

ಈ ತಿಳಿವಳಿಕೆ ಪೀಣ್ಯದಲ್ಲಿ ಹೊಸತೇನಲ್ಲ. 1953ರಲ್ಲಿ ಜಾಲಹಳ್ಳಿಯಲ್ಲಿ ಸ್ವಿಟ್ಜರ್‌ಲೆಂಡಿನ ಓರ್ಲಿಕಾನ್ ಸಹಯೋಗದಿಂದ ಯಂತ್ರೋಪಕರಣಗಳ ಕಾರ್ಖಾನೆ ಎಚ್‌ಎಂಟಿ ಶುರುವಾಯಿತು, 1962ರಲ್ಲಿ ತುಮಕೂರು ರಸ್ತೆಯಲ್ಲಿ ಯಂತ್ರೋಪಕರಣ ಸಂಶೋಧನೆಯ ಸಂಸ್ಥೆ, ಇಂದಿನ ಸಿಎಂಟಿಐ, ಬಂತು, 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಟೂಲ್ ರೂಮ್ ತರಬೇತಿ ಕೇಂದ್ರವಾದ ಜಿಟಿಟಿಸಿ. ಇವುಗಳ ನೆರೆಯಲ್ಲಿ 1970ರ ದಶಕದಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶ ರೂಪುಗೊಂಡಿತು. ಅಲ್ಲಿನ ಸಿಎನ್‌ಸಿ ಲೇತಿನ ಮುಂದೆ ನಿಂತು ನೋಡಿದರೆ ಎರಡೂ ಬಗೆಯ ಗೆರೆಗಳು ಒಂದೇ ಯಂತ್ರದಲ್ಲಿ ಕೂಡಿರುವುದು ಕಾಣುತ್ತದೆ. ಜಾಬ್ ಚಕ್ಕಿನಲ್ಲಿ ಸಿಕ್ಕಿ ತಿರುಗುತ್ತಿರುತ್ತದೆ. ಅಡ್ಡ ಅಳತೆಯಾದ ಎಕ್ಸ್‌ಗೆ ಸೊನ್ನೆ ಇರುವುದು ತಿರುಗುವ ಅಕ್ಷದ ಮೇಲೆ. ಟೂಲು ಒಂದೇ ಪಕ್ಕದಿಂದ 1 ಮಿ.ಮೀ. ಒಳಗೆ ಹೋದರೂ ಜಾಬ್ ತಿರುಗುವುದರಿಂದ ಎರಡೂ ಪಕ್ಕ ಸವೆದು ಡಯಾ 2 ಮಿ.ಮೀ. ಇಳಿಯುತ್ತದೆ. ಇದು ನಡುವಿನಿಂದ ಎರಡೂ ಕಡೆಗೆ ಎಳೆದ ಗೆರೆ. ಉದ್ದದ ಅಳತೆಯಾದ ಜಡ್‌ನ ಸೊನ್ನೆಯನ್ನು ಆಪರೇಟರ್ ಸಾಮಾನ್ಯವಾಗಿ ಜಾಬಿನ ಮುಖದ ಮೇಲೆ ಸೆಟ್ ಮಾಡುತ್ತಾರೆ, ಅಳತೆಯೆಲ್ಲ ಅಲ್ಲಿಂದ ಚಕ್ಕಿನ ಕಡೆಗೆ, ಋಣವಾಗಿಯೇ. ಇದು ತುದಿಯಿಂದ ಒಂದೇ ಕಡೆಗೆ ಎಳೆದ ಗೆರೆ. ಒಂದಕ್ಕೆ ಅಕ್ಷವೇ ಯಾಕೆ, ಇನ್ನೊಂದಕ್ಕೆ ಮುಖವೇ ಯಾಕೆ? ತಿರುಗುವ ವಸ್ತುವಿನ ಅಕ್ಷವನ್ನು ಯಂತ್ರವೇ ನಿಗದಿ ಮಾಡುತ್ತದೆ, ಅದು ಎಲ್ಲೂ ಹೋಗುವುದಿಲ್ಲ. ಉದ್ದದಲ್ಲಿ ಅಂಥ ನಡುವೊಂದು ಇಲ್ಲ, ಮುಟ್ಟಿ ಅಳೆಯಲು ಸಿಗುವುದು ಮುಖ. ವಸ್ತುವಿನ ಸ್ವಭಾವ ನೋಡಿ ಮೂಲವನ್ನು ಆರಿಸುವ ವಿವೇಕ ಈ ಯಂತ್ರದ ರೂಢಿಯಲ್ಲೇ ಅಡಗಿದೆ. ವಿಎಂಸಿ ಎಂಬ ಮಿಲ್ಲಿಂಗ್ ಯಂತ್ರದ ಮೇಲೆ ಹೌಸಿಂಗ್ ಕೂರಿಸುವಾಗ ಸೆಟ್ಟರ್ ಡಯಲ್ ಹಿಡಿದು ಬೋರಿನ ಸೆಂಟರ್ ಹುಡುಕಿ ಅಲ್ಲಿ ಸೊನ್ನೆ ಇಡುತ್ತಾರೆ. ಚೌಕದ ಪ್ಲೇಟ್ ಬಂದರೆ ಎಡ್ಜ್ ಫೈಂಡರಿನಿಂದ ಎರಡು ಅಂಚು ಮುಟ್ಟಿ ಮೂಲೆಯಲ್ಲಿ ಸೊನ್ನೆ ಇಡುತ್ತಾರೆ. ಯಾವ ಕೋರ್ಸಿನ ಪಾಠಕ್ಕಿಂತಲೂ ಸ್ಪಷ್ಟವಾದ ಉತ್ತರ ಇದು.

ವಿನ್ಯಾಸದ ಕಚೇರಿ ಮತ್ತು ಈ ಯಂತ್ರದ ನಡುವೆ ಅರ್ಥ ತಪ್ಪುವ ಇನ್ನೊಂದು ಜಾಗವಿದೆ. ಎರಡೂ ಕಡೆಗೆ 20 ಎಂದರೆ ಒಟ್ಟು 20ಯೋ, ತಲಾ 20ಯೋ? ಸಾಲಿಡ್‌ವರ್ಕ್ಸ್‌ನಲ್ಲಿ ಮಿಡ್ ಪ್ಲೇನ್ ಎಂದು ಆರಿಸಿ 20 ಬರೆದರೆ ಅದು ಒಟ್ಟು ದಪ್ಪ, ಆಚೆ 10, ಈಚೆ 10. ಫ್ಯೂಶನ್ ಎಂಬ ಸಾಫ್ಟ್‌ವೇರಿನಲ್ಲಿ ಸಿಮೆಟ್ರಿಕ್ ಎಂದು ಆರಿಸಿದರೆ ಅರ್ಧ ಉದ್ದವೋ ಪೂರ್ತಿ ಉದ್ದವೋ ಎಂದು ಮತ್ತೆ ಹೇಳಬೇಕು. ಗ್ರಾಸ್‌ಹಾಪರ್‌ನಲ್ಲಿ ಎರಡಕ್ಕೆ ಭಾಗಿಸುವ ಪೆಟ್ಟಿಗೆಯನ್ನು ಮರೆತರೆ ಗೆರೆ ಇಮ್ಮಡಿ. ಲೇತಿನವರು ಈ ಗೊಂದಲವನ್ನು ತ್ರಿಜ್ಯದ ಲೆಕ್ಕ, ವ್ಯಾಸದ ಲೆಕ್ಕ ಎಂದು ಬಲ್ಲರು. ಪ್ರೋಗ್ರಾಮಿನಲ್ಲಿ ಎಕ್ಸ್ ಅನ್ನು ಡಯಾ ಆಗಿಯೇ ಬರೆಯುವ ರೂಢಿ ಬಲವಾಗಿ ನಿಂತಿರುವುದು ಮೈಕ್ರೋಮೀಟರಿನಲ್ಲಿ ಅಳೆಯಲು ಸಿಗುವುದು ಡಯಾ ಆದ್ದರಿಂದ. ಅರ್ಧವನ್ನು ನೇರವಾಗಿ ಅಳೆಯುವ ಸಾಧನ ಕೈಯಲ್ಲಿಲ್ಲದಾಗ ಅರ್ಧವನ್ನು ಬರೆಯಬಾರದು. ಮಾದರಿ ಕಟ್ಟುವವರು ಸ್ಲೈಡರಿಗೆ ಒಟ್ಟು ಅಳತೆಯನ್ನೇ ಕೊಟ್ಟು, ಭಾಗಿಸುವ ಕೆಲಸವನ್ನು ಒಳಗಿನ ಪೆಟ್ಟಿಗೆಗೆ ಬಿಡಬೇಕು ಎಂದು ನಾನು ಹೇಳುವುದಕ್ಕೆ ಕಾರಣ ಇದೇ.

ಎರಡನೆಯ ಆಕ್ಷೇಪ ಕಟ್ಟಡದವರಿಂದ ಬರುತ್ತದೆ, ಅದು ಗಟ್ಟಿಯಾದದ್ದು. ವೈಟ್‌ಫೀಲ್ಡಿನ ಒಂದು ಅಪಾರ್ಟ್‌ಮೆಂಟಿನ ಹೊರಗೋಡೆಯನ್ನು ನಡುಗೆರೆಯಿಂದ ಎಳೆದಿದ್ದಾರೆ. 150 ಮಿ.ಮೀ. ಬ್ಲಾಕಿನ ಬದಲು 200 ಮಿ.ಮೀ. ಬ್ಲಾಕ್ ಹಾಕುವ ತೀರ್ಮಾನವಾಯಿತು. ನಡುವಿನಿಂದ ಬೆಳೆದ ಗೋಡೆ ಹೊರಕ್ಕೆ 25, ಒಳಕ್ಕೆ 25 ಮಿ.ಮೀ. ದಪ್ಪವಾಯಿತು. ಹೊರಗೆ ಬೆಳೆದದ್ದು ಕಟ್ಟಡದ ಸುತ್ತ ಖಾಲಿ ಬಿಡಬೇಕಾದ ಸೆಟ್‌ಬ್ಯಾಕ್ ಜಾಗವನ್ನು ತಿಂದಿತು. ಒಳಗೆ ಬೆಳೆದದ್ದು ಮನೆಯೊಳಗಿನ ಜಾಗವನ್ನು ತಿಂದಿತು. ರಿಯಲ್ ಎಸ್ಟೇಟ್ ನಿಯಂತ್ರಣದ 2016ರ ರೇರಾ ಕಾಯ್ದೆಯ ಪ್ರಕಾರ ಕಾರ್ಪೆಟ್ ಏರಿಯಾಗೆ ಹೊರಗೋಡೆಯ ಜಾಗ ಸೇರುವುದಿಲ್ಲ, ಮನೆಯೊಳಗಿನ ಅಡ್ಡಗೋಡೆಗಳ ಜಾಗ ಸೇರುತ್ತದೆ. ಎಂಟು ಮೀಟರ್ ಹೊರಗೋಡೆಯಿರುವ ಮನೆಯಲ್ಲಿ 25 ಮಿ.ಮೀ. ಎಂದರೆ ಸುಮಾರು 2 ಚದರ ಅಡಿ. ಚದರ ಅಡಿಗೆ ಸಾವಿರಾರು ರೂಪಾಯಿ ಇರುವ ಕಡೆ ಇದು ಕೊಂಡವರ ಹಣ. ಹಾಗಾದರೆ ಇಲ್ಲಿ ನಡುಗೆರೆಯೇ ತಪ್ಪು ಮಾಡಿಸಲಿಲ್ಲವೇ? ಮಾಡಿಸಿತು, ಒಪ್ಪಬೇಕು. ಹೊರಗೋಡೆಗೆ ಕಾನೂನೂ ಕರಾರೂ ಮುಖಗಳನ್ನು ಹಿಡಿದು ಮಾತಾಡುತ್ತವೆ, ನಡುವನ್ನು ಹಿಡಿದಲ್ಲ. ರೆವಿಟ್‌ನಲ್ಲಿ ಗೋಡೆ ಎಳೆಯುವ ಮುನ್ನ ಲೊಕೇಶನ್ ಲೈನ್ ಯಾವುದೆಂದು ಆರಿಸಲು ಆರು ಆಯ್ಕೆಗಳಿವೆ, ನಡುಗೆರೆ ಅವುಗಳಲ್ಲಿ ಒಂದು, ಹೊರಮುಖ ಇನ್ನೊಂದು. ಅದೇ ಕಟ್ಟಡದಲ್ಲಿ ಎರಡು ಫ್ಲ್ಯಾಟುಗಳ ನಡುವಿನ ಗೋಡೆಗೆ ಮಾತ್ರ ನಡುಗೆರೆಯೇ ನ್ಯಾಯ. ದಪ್ಪ ಹೆಚ್ಚಿದರೆ ನೆರೆಯವರಿಬ್ಬರೂ ಸಮನಾಗಿ ಕಳೆದುಕೊಳ್ಳುತ್ತಾರೆ, ಒಬ್ಬರ ಮೇಲೆ ಹೊರೆ ಬೀಳುವುದಿಲ್ಲ. ಹೀಗೆ ನೋಡಿದರೆ ಆಕ್ಷೇಪ ನನ್ನ ವಾದವನ್ನು ಮುರಿಯುವುದಿಲ್ಲ, ಅದನ್ನು ಇನ್ನಷ್ಟು ನಿಖರ ಮಾಡುತ್ತದೆ: ಗೆರೆಯ ಮೂಲವೆಂದರೆ ಬದಲಾವಣೆಯ ಹೊರೆ ಯಾರ ಪಾಲಿಗೆ ಎಂಬ ತೀರ್ಮಾನ.

ಲೋಹದ ಕೆಲಸದ ಮಾನದಂಡಗಳಲ್ಲೂ ಈ ಎರಡು ದಾರಿಗಳು ಹೆಸರು ಪಡೆದು ಕೂತಿವೆ. ನಮ್ಮ ಐಎಸ್ 919ರ ಪದ್ಧತಿಯಲ್ಲಿ 25 ಮಿ.ಮೀ. ತೂತಿಗೆ ಎಚ್7 ಎಂದು ಬರೆದರೆ ತೂತು 25.000ರಿಂದ 25.021ರವರೆಗೆ ಇರಬಹುದು, 25ಕ್ಕಿಂತ ಒಂದು ಕೂದಲೆಳೆಯೂ ಕಡಿಮೆ ಇರಕೂಡದು. ವಿನಾಯಿತಿ ಒಂದೇ ಕಡೆಗೆ. ಜೆಎಸ್7 ಎಂದು ಬರೆದರೆ ಅದೇ ವಿನಾಯಿತಿ 25ರ ಎರಡೂ ಕಡೆಗೆ ಸಮನಾಗಿ ಹಂಚಿಹೋಗುತ್ತದೆ. ಮೊದಲನೆಯದರಲ್ಲಿ ಒಳಗೆ ಕೂರುವ ಶಾಫ್ಟಿಗೆ ಭರವಸೆಯಿದೆ: ತೂತು ಎಂದೂ 25ಕ್ಕಿಂತ ಚಿಕ್ಕದಾಗುವುದಿಲ್ಲ. ಎರಡನೆಯದರಲ್ಲಿ ಯಾರಿಗೂ ಅಂಥ ಭರವಸೆಯಿಲ್ಲ, ಸರಾಸರಿ ಮಾತ್ರ ನಡುವೆ ನಿಲ್ಲುತ್ತದೆ. ಎಂಜಿನಿಯರಿಂಗ್ ಓದಿದವರಿಗೆಲ್ಲ ಈ ಕೋಷ್ಟಕ ಗೊತ್ತು. ಗೆರೆ ಎಳೆಯುವಾಗ ಇದೇ ಪ್ರಶ್ನೆಯನ್ನು ಕೇಳಿಕೊಳ್ಳುವವರು ಕಡಿಮೆ.

ಕಾರಣ ನಮ್ಮ ಊರಿನ ಕೆಲಸ ಹಂಚಿಹೋಗಿರುವ ರೀತಿಯಲ್ಲಿದೆ ಎಂದು ನನ್ನ ಎಣಿಕೆ. ಆರ್.ಕೆ. ಬಾಳಿಗ ಅವರ ಮುಂದಾಳತ್ವದಲ್ಲಿ ರಾಜ್ಯ ಸರ್ಕಾರದ ಸಂಸ್ಥೆಯಾದ ಕಿಯೋನಿಕ್ಸ್ 1970ರ ದಶಕದ ಕೊನೆಗೆ ಎಲೆಕ್ಟ್ರಾನಿಕ್ ಸಿಟಿಯನ್ನು ಕಟ್ಟಲು ಹೊರಟಾಗ, ಪೀಣ್ಯ ಊರಿನ ಇನ್ನೊಂದು ತುದಿಯಲ್ಲಿತ್ತು. 2000ದಲ್ಲಿ ಜಿಇ ವೈಟ್‌ಫೀಲ್ಡಿನಲ್ಲಿ ಜಾನ್ ಎಫ್. ವೆಲ್ಚ್ ತಂತ್ರಜ್ಞಾನ ಕೇಂದ್ರ ತೆರೆದ ಮೇಲೆ, ಅಂಥ ಹಲವು ಕೇಂದ್ರಗಳಲ್ಲಿ ಕೂತವರು ಬೇರೆ ಖಂಡದಲ್ಲಿ ತಯಾರಾಗುವ ವಸ್ತುಗಳ ಮಾದರಿಗಳನ್ನು ರೂಪಿಸತೊಡಗಿದರು. ಗೆರೆ ಎಳೆಯುವವರು ಒಂದು ಕಡೆ, ಅದನ್ನು ಕೊರೆಯುವವರು ಇನ್ನೊಂದು ಕಡೆ. ಡ್ರಾಯಿಂಗ್ ಬೋರ್ಡಿನ ಕಾಲದಲ್ಲಿ ವಿನ್ಯಾಸಕರು ಮೊದಲು ಎಳೆಯುತ್ತಿದ್ದದ್ದು ಚುಕ್ಕೆ-ಗೀಟಿನ ಸೆಂಟರ್ ಲೈನ್, ಉಳಿದದ್ದೆಲ್ಲ ಅದರ ಆಚೀಚೆ. ಶಾಪ್ ಫ್ಲೋರಿಗೆ ಇಳಿದು ಬಂದರೆ ಅದೇ ಗೆರೆಯ ಮೇಲೆ ಫಿಟ್ಟರ್ ಪಂಚ್ ಗುರುತು ಹೊಡೆಯುತ್ತಿದ್ದುದನ್ನು ನೋಡಬಹುದಿತ್ತು. ಪರದೆಯ ಮೇಲಿನ ಗೆರೆಗೆ ಯಂತ್ರದ ಸೊನ್ನೆಯೊಂದಿಗೆ ಇದ್ದ ನೆಂಟು ಈಗ ಕಣ್ಣಿಗೆ ಕಾಣುವಂಥದ್ದಾಗಿ ಉಳಿದಿಲ್ಲ. ಪೆಟ್ಟಿಗೆ-ವೈರುಗಳ ಸಾಫ್ಟ್‌ವೇರ್ ಅದನ್ನು ಮರಳಿ ಕಾಣಿಸಬಲ್ಲದು. ಗೆರೆ ಎಲ್ಲಿಂದ ಹುಟ್ಟಿತು, ಎರಡಕ್ಕೆ ಎಲ್ಲಿ ಭಾಗವಾಯಿತು, ಋಣ ಎಲ್ಲಿ ಬಂತು ಎಂಬುದೆಲ್ಲ ವೈರುಗಳ ಜಾಡಿನಲ್ಲಿ ಬಿಡಿಸಿಟ್ಟಿರುತ್ತದೆ. ಸಿದ್ಧ ಗೆರೆಯಲ್ಲಿ ಆ ಇತಿಹಾಸ ಅಳಿಸಿಹೋಗಿರುತ್ತದೆ. ಹೀಗಾಗಿ ಸಿದ್ಧ ಮಾದರಿಯ ಜೊತೆ ಈ ಜಾಡನ್ನೂ ಕಳಿಸುವುದು, ಮೂಲಬಿಂದುವಿಗೆ ಹೆಸರಿಟ್ಟು ಯಾಕೆ ಅದನ್ನೇ ಆರಿಸಿದೆವೆಂದು ಒಂದು ಸಾಲು ಬರೆಯುವುದು, ಎರಡೂ ಕೆಲಸಕ್ಕೆ ಬರುವ ಅಭ್ಯಾಸಗಳು.

ಸಣ್ಣ ಶೆಡ್ಡಿನಲ್ಲಿ ನಾಲ್ಕು ಯಂತ್ರ ಇಟ್ಟುಕೊಂಡವರು ದುಬಾರಿ ಸಾಫ್ಟ್‌ವೇರ್ ಕೊಳ್ಳಲಾರರು, ಅವರಿಗೆ ಈ ಮಾತೆಲ್ಲ ಯಾಕೆ ಎನ್ನುವವರಿದ್ದಾರೆ. ಫ್ರೀಕ್ಯಾಡ್ ಎಂಬ ಸಾಫ್ಟ್‌ವೇರ್ ಉಚಿತ, ಅದರ 1.0 ಆವೃತ್ತಿ 2024ರ ನವೆಂಬರಿನಲ್ಲಿ ಬಂತು, ನಡುವಿನಿಂದ ಎರಡೂ ಕಡೆಗೆ ಬೆಳೆಸುವ ಆಯ್ಕೆ ಅದರಲ್ಲಿದೆ. ಅದಕ್ಕಿಂತ ದೊಡ್ಡ ಉತ್ತರವೆಂದರೆ, ಈ ಆಲೋಚನೆಗೆ ಸಾಫ್ಟ್‌ವೇರೇ ಬೇಕಿಲ್ಲ. ಬಂದ ಡ್ರಾಯಿಂಗಿನಲ್ಲಿ ಅಳತೆಗಳು ಯಾವ ಗೆರೆಯಿಂದ ಹೊರಟಿವೆ ಎಂದು ನೋಡಿ, ಅದು ತಾವು ಜಾಬ್ ಹಿಡಿಯುವ ಜಾಗಕ್ಕೆ ಹೊಂದದಿದ್ದರೆ ಫೋನ್ ಮಾಡಿ ಕೇಳುವ ಶೆಡ್ಡಿನ ಮಾಲೀಕರು ವಿನ್ಯಾಸದಲ್ಲೇ ಪಾಲುಗೊಂಡಂತೆ. ಕೇಳಿದಾಗ ಉತ್ತರ ಕೊಡಬಲ್ಲವರು ಫೋನಿನ ಇನ್ನೊಂದು ತುದಿಯಲ್ಲಿರಬೇಕು ಅಷ್ಟೆ.

ಇನ್ನು ಈಚೆಗೆ ಎಲ್ಲ ಚರ್ಚೆಗೂ ಬರುವ ಮಾತು: ಬಾಯಲ್ಲಿ ಹೇಳಿದರೆ ಕೃತಕ ಬುದ್ಧಿಮತ್ತೆಯೇ ಮಾದರಿ ಕಟ್ಟಿಕೊಡುವಾಗ ಗೆರೆ ಎಳೆಯುವ ಬಗೆಯನ್ನು ಕಲಿಯುವುದೇಕೆ? ಅದು ಕಟ್ಟಿಕೊಡಲಿ, ಬೇಡವೆನ್ನಲು ಕಾರಣವಿಲ್ಲ. ಆದರೆ 80 ಮಿ.ಮೀ. ಅಂತರದಲ್ಲಿ ಎರಡು ತೂತು ಬೇಕು ಎಂಬ ವಾಕ್ಯದಲ್ಲಿ ಶಾಫ್ಟ್ ಮುಖ್ಯವೋ ಅಂಚು ಮುಖ್ಯವೋ ಎಂಬುದು ಇಲ್ಲ. 200 ಮಿ.ಮೀ. ಗೋಡೆ ಬೇಕು ಎಂಬ ವಾಕ್ಯದಲ್ಲಿ ಹೊರಗೆ ಸೆಟ್‌ಬ್ಯಾಕ್ ಎಷ್ಟು ಉಳಿದಿದೆ ಎಂಬುದು ಇಲ್ಲ. ಹೇಳದೆ ಬಿಟ್ಟದ್ದನ್ನು ಯಂತ್ರ ತನ್ನ ರೂಢಿಯಿಂದ ತುಂಬಿಕೊಳ್ಳುತ್ತದೆ. ಆ ರೂಢಿ ಸರಿಯೋ ಎಂದು ನೋಡಲು ಯಾವುದು ಬಿಟ್ಟುಹೋಗಿದೆ ಎಂದು ಗೊತ್ತಿರುವವರು ಬೇಕು. ಹೀಗಾಗಿ ಐಟಿಐಗಳಲ್ಲಿ, ಡಿಪ್ಲೊಮಾ ಕಾಲೇಜುಗಳಲ್ಲಿ, ಆರ್ಕಿಟೆಕ್ಚರ್ ಶಾಲೆಗಳಲ್ಲಿ ಗ್ರಾಸ್‌ಹಾಪರನ್ನೋ ಫ್ರೀಕ್ಯಾಡನ್ನೋ ಕಲಿಸುವಾಗ ಮೊದಲ ಪಾಠವಾಗಿ ಬಣ್ಣಬಣ್ಣದ ಮೇಲ್ಮೈಗಳನ್ನು ತೋರಿಸುವ ಬದಲು ಒಂದು ಬಿಂದು, ಒಂದು ದಿಕ್ಕು, ಒಂದು ಉದ್ದ ಕೊಟ್ಟು ಎರಡೂ ಕಡೆಗೆ ಗೆರೆ ಎಳೆಸಬೇಕು. ಆಮೇಲೆ ಉದ್ದವನ್ನು ಬದಲಾಯಿಸಿ ಏನು ಕದಲಿತು, ಏನು ಕದಲಲಿಲ್ಲ ಎಂದು ಬರೆಸಬೇಕು. ಅದೇ ವಾರ ಆ ವಿದ್ಯಾರ್ಥಿಗಳನ್ನು ಲೇತಿನ ಮುಂದೆ ನಿಲ್ಲಿಸಿ ಎಕ್ಸ್‌ಗೂ ಜಡ್‌ಗೂ ಸೊನ್ನೆ ಸೆಟ್ ಮಾಡಿಸಿ, ಎರಡೂ ಸೊನ್ನೆಗಳು ಬೇರೆ ಬೇರೆ ಕಡೆ ಇರುವುದಕ್ಕೆ ಕಾರಣ ಕೇಳಬೇಕು. ಅಂಕ ಕೊಡುವುದಿದ್ದರೆ ಆ ಕಾರಣಕ್ಕೇ ಕೊಡಬೇಕು.